ಮೂಳೆಪುಡಿ

ಹಾರಂಗಿ ಹೊಳೆಯ ದಡ
ಫೆಬ್ರವರಿ ೩೦, ೨೪೧೮

ಪೂಜ್ಯ ಬೊಳ್ಳಮ್ಮಜ್ಜಿಯವರಿಗೆ, ನಿಮ್ಮ ಮರಿಮಕ್ಕಳ ಮರಿಮಕ್ಕಳ ಸಾಲಿನಲ್ಲಿ ಹುಟ್ಟಿದ ಮುತ್ತವ್ವ ಮಾಡುವ ನಮಸ್ಕಾರಗಳು. ತಾರೀಖು ನೋಡಿ ನಗಬೇಡಿ, ನಮ್ಮ ಫೆಬ್ರವರಿಗೆ ಮೂವತ್ತು ದಿನ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಪುಸ್ತಕಗಳಿಂದ ಕಲಿತವಳು ನಾನು. ಮಾತು ಎಲ್ಲಾದರೂ ತೊಡರಿದರೆ ಮನ್ನಿಸಿ.

ನೀವು ಸಾಕಿದ ಹಂದಿಗಳ ತಳಿಯನ್ನೇ ನಾವು ಇಂದಿಗೂ ಸಾಕುತ್ತಿದ್ದೇವೆ. ಹಾಲು ಬಿಟ್ಟ ಮರಿಗಳ ತೌಡಿಗೆ ಕಂದು ಪುಡಿ ಬೆರೆಸುವ ಪದ್ಧತಿಯೂ ನಿಮ್ಮಿಂದ ಬಂದದ್ದೇ. ತೌಡಿನಲ್ಲಿರುವ ರಂಜಕಕ್ಕೆ ಬೀಗ ಬಿದ್ದಿರುತ್ತದೆ, ಮರಿಯ ಹೊಟ್ಟೆಗೆ ಅದನ್ನು ತೆಗೆಯಲು ಬರುವುದಿಲ್ಲ. ಬೂಷ್ಟು ಬೆಳೆಸಿ ಒಣಗಿಸಿ ಮಾಡುವ ಆ ಪುಡಿಯಲ್ಲಿರುವ ಕಿಣ್ವ ಬೀಗ ತೆಗೆದರೆ ರಂಜಕ ಮೂಳೆಗೆ ಸೇರುತ್ತದೆ. ಕಿಣ್ವ ಎಂಬ ಮಾತು ಯಾರ ಬಾಯಿಗೂ ಹತ್ತದ್ದರಿಂದ ನೀವೇ ಅದಕ್ಕೆ ಮೂಳೆಪುಡಿ ಎಂದು ಹೆಸರಿಟ್ಟಿರಂತೆ. ಆ ಹೆಸರೇ ನಮ್ಮನ್ನು ಹಾಳು ಮಾಡಿತು, ಅಜ್ಜಿ.

ನಡುವೆ ಹಂದಿಗಳಿಗೆ ದೊಡ್ಡ ರೋಗ ಬಂತು. ಮಾಂಸವಾಗಲಿ ಮೂಳೆಯಾಗಲಿ ಕುದಿಸದೆ ಹಾಕಬಾರದೆಂದು ಕಟ್ಟಳೆಯಾಯಿತು. ಮೂಳೆಪುಡಿ ಎಂದರೆ ಅದರಲ್ಲೂ ಮೂಳೆ ಸೇರಿದೆ ಎಂದುಕೊಂಡ ನಮ್ಮ ಹಿರಿಯರು ಅದನ್ನೂ ಕೊತಕೊತ ಕುದಿಸತೊಡಗಿದರು. ಕುದಿದು ಕಿಣ್ವ ಸತ್ತದ್ದು ಯಾರಿಗೂ ತಿಳಿಯಲಿಲ್ಲ, ಏಕೆಂದರೆ ಜೊತೆಗೆ ಕಲ್ಲುಹಿಟ್ಟನ್ನೂ ಹಾಕುತ್ತಿದ್ದರು. ಗಣಿಯಿಂದ ಬರುತ್ತಿದ್ದ ರಂಜಕದ ಕಲ್ಲನ್ನು ಬೀಸಿದ ಹಿಟ್ಟು ಅದು. ಈಗ ಗಣಿ ಬರಿದಾಗಿದೆ. ಮರಿಗಳು ಮುಂಗಾಲು ಬಾಗಿ ತೆವಳುತ್ತವೆ, ತೊಟ್ಟಿಯ ತನಕ ಬರಲಾರವು. ಎತ್ತಿಕೊಂಡು ಉಣಿಸಲು ಹೋದೆ, ಎತ್ತುವಾಗಲೇ ಒಂದರ ಕಾಲು ಮುರಿಯಿತು. ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಹೋದ ಮಳೆಗಾಲ ಸೌದೆ ನೆನೆದು ಒಲೆ ಹತ್ತದೆ, ತಂಗಿ ದೇಚವ್ವ ಒಂದು ಗೂಡಿನ ಮರಿಗಳಿಗೆ ತಣ್ಣೀರಿನಲ್ಲೇ ಪುಡಿ ಕಲಸಿ ಹಾಕುತ್ತಿದ್ದಳು. ಗೊತ್ತಾದಾಗ ಬಾಯಿಗೆ ಬಂದಂತೆ ಬೈದೆ. "ಬೈಬೇಡ ಅಕ್ಕ, ಮೊದಲು ಮರಿ ನೋಡು" ಅಂದಳು. ಅವು ನಾಲ್ಕೂ ಕಾಲುಗಳ ಮೇಲೆ ನೆಟ್ಟಗೆ ನಿಂತಿದ್ದವು. ಆಮೇಲೆ ಹಳೆಯ ಪುಸ್ತಕಗಳಲ್ಲಿ ಹುಡುಕಿದಾಗಲೇ ನನಗೆ ಕಿಣ್ವದ ಸಂಗತಿ ತಿಳಿದದ್ದು. ಡಬ್ಬದ ತಳ ಕೆರೆದು ಹಾಕಿದ ಕೊನೆಯ ಪುಡಿ ಅದು. ಕುದಿಸಿದ ಪುಡಿಯಿಂದ ಮರಿಗಳು ಏಳದ್ದನ್ನು ಕಂಡು, ಆ ಪುಡಿ ಕೊಡುವ ಬೂಷ್ಟನ್ನು ಪ್ರಯೋಜನವಿಲ್ಲದ್ದೆಂದು ನಾವೇ ಅದಕ್ಕೂ ಮೊದಲೇ ಹೊಳೆಗೆ ಚೆಲ್ಲಿಬಿಟ್ಟಿದ್ದೆವು.

ನಿಮ್ಮಲ್ಲಿ ನನ್ನದೊಂದೇ ಬೇಡಿಕೆ. ಅದನ್ನು ಮೂಳೆಪುಡಿ ಎನ್ನಬೇಡಿ, ಹೆಪ್ಪು ಎನ್ನಿ. ಎಂಥ ರೋಗ ಬರಲಿ, ಎಂಥ ಕಟ್ಟಳೆಯಾಗಲಿ, ಕುದಿಯುವ ಹಾಲಿಗೆ ಹೆಪ್ಪು ಹಾಕಬಾರದೆಂದು ನಮ್ಮ ಮಕ್ಕಳಿಗೂ ಗೊತ್ತು.

ಈ ಕಾಗದ ಹಿಂದಿನ ಕಾಲಕ್ಕೆ ಹೋಗಿ ನಿಮ್ಮ ಕೈ ಸೇರಿದ್ದರೆ ನಾಳೆ ಬೆಳಿಗ್ಗೆ ಮರಿಗಳು ಎದ್ದು ನಿಂತಿರುತ್ತವೆ. ಇಲ್ಲದಿದ್ದರೆ ತೊಟ್ಟಿಯನ್ನೇ ಅವುಗಳ ಬಳಿಗೆ ಎಳೆದುಕೊಂಡು ಹೋಗುತ್ತೇನೆ.

ನಿಮ್ಮ
ಮುತ್ತವ್ವ