ಹಲ್ಲಿಗೆ ಸಿಕ್ಕ ದನಿ

ಮಾರ್ಚ್ ೩, ಬುಧವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ನೀನು ಮೇಲಿಂದ ಮೇಲೆ ಬರೆದರೂ ನಾನು ಉತ್ತರಿಸಲಿಲ್ಲ. ಇದ್ದಾಳೋ ಸತ್ತಳೋ ಎಂದು ಭಾವನ ಹತ್ತಿರ ಗೊಣಗಿರುತ್ತೀಯ. ಇದ್ದೇನೆ, ಗುಂಡುಕಲ್ಲಿನ ಹಾಗೆ ಇದ್ದೇನೆ. ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡ ಎಂದರೆ ಕೇಳುವವಳಲ್ಲ ನೀನು. ತಡವಾದದ್ದಕ್ಕೆ ಬೈಯಿ, ಆದರೆ ಪೂರ್ತಿ ಓದಿ ಆಮೇಲೆ ಬೈಯಿ. ಬೈಯಲು ಇನ್ನೂ ಒಳ್ಳೆಯ ಕಾರಣ ಸಿಗುತ್ತದೆ.

ವಿಷಯ ಏನೆಂದರೆ, ಇವರಿಗೆ ಕಿವಿ ಹೋಗಿದೆ ಅಕ್ಕ. ಪೂರ್ತಿ ಅಲ್ಲ. ಎದುರು ನಿಂತು ಗಟ್ಟಿಯಾಗಿ ಮಾತಾಡಿದರೆ ಅರ್ಧ ಕೇಳಿಸಿಕೊಂಡು, ಉಳಿದರ್ಧ ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಸಣ್ಣ ದನಿಗಳೆಲ್ಲ ಹೋದವು. ಜೀವಮಾನವೆಲ್ಲ ಮರ ಕೊಯ್ಯುವ ಮಷಿನ್ ಪಕ್ಕದಲ್ಲಿ ನಿಂತವರು, ಕಿವಿಗೆ ಏನಾದರೂ ಇಟ್ಟುಕೊಳ್ಳಿ ಎಂದರೆ "ನನಗೇ ಹೇಳ್ಕೊಡೋಕೆ ಬಂದ್ಯಾ?" ಎನ್ನುತ್ತಿದ್ದರು. ಗಿಟಾರ್ ಕಟ್ಟುವವನಿಗೆ ಕಿವಿ ಕೇಳಿಸದು ಎಂದು ಗೊತ್ತಾದರೆ ಅಂಗಡಿಯ ಮೆಟ್ಟಿಲು ಯಾರು ಹತ್ತುತ್ತಾರೆ? ಅದಕ್ಕೇ ಬಾಯಿಗೆ ಬೀಗ. ಗಿರಾಕಿ ಬಂದಾಗ ನಾನು ಪಕ್ಕದಲ್ಲೇ ನಿಂತು, ಅವನು ಹೇಳಿದ್ದನ್ನೇ ಮತ್ತೆ ದೊಡ್ಡದಾಗಿ, ತುಟಿ ಬಿಡಿಸಿ ಹೇಳಬೇಕು. ಈ ಗುಟ್ಟು ಗೊತ್ತಿದ್ದವಳು ನಾನೊಬ್ಬಳೇ, ಈಗ ನೀನು.

ನಿನಗೆ ನಗು ಬರುವುದಿಲ್ಲವೇ? ನನಗಂತೂ ಬಂತು. ನಾನು ಮದುವೆಯಾಗಿ ಬಂದಾಗಿನಿಂದ ಗಿರಾಕಿಗಳ ಮುಂದೆ ಇವರು ಹೇಳುತ್ತಿದ್ದ ಮಾತು ನೀನೂ ಕೇಳಿದ್ದೀಯ: "ಇವಳಿಗೆ ಕೈ ಇದೆ, ಕಿವಿ ಇಲ್ಲ." ಇವರು ನಕ್ಕರೆ ಗಿರಾಕಿಯೂ ನಗುತ್ತಿದ್ದ. ಚಹಾದ ಲೋಟ ಇಟ್ಟು ನಾನೂ ಹಲ್ಲು ಕಿರಿಯುತ್ತಿದ್ದೆ. ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ಪಿಕಪ್ ಎಂದು ಇರುತ್ತದಲ್ಲ, ಆಯಸ್ಕಾಂತಕ್ಕೆ ಕೂದಲಿನಷ್ಟು ಸಣ್ಣ ತಾಮ್ರದ ತಂತಿ ಸುತ್ತಿದ ಸುರುಳಿ, ತಂತಿಯ ನಡುಕವನ್ನು ಹಿಡಿದು ಸ್ಪೀಕರಿಗೆ ಕಳಿಸುವುದು ಅದೇ. ಅದನ್ನು ಸುತ್ತುವುದು ನನ್ನ ಕೆಲಸ. ಸುತ್ತಿ ತಂದುಕೊಟ್ಟರೆ ಇವರು ಕೂರಿಸಿ, ಒಂದು ಸಲ ಮೀಟಿ, "ಸತ್ತ ದನಿ" ಎಂದು ಕತ್ತರಿ ಹಾಕುತ್ತಿದ್ದರು. "ಇಷ್ಟು ಬಿಗಿಯಾಗಿ ಸುತ್ತಬೇಡ ಕಣೇ, ದನಿಗೆ ಉಸಿರಾಡೋಕೆ ಜಾಗ ಬಿಡು." ಮತ್ತೆ ಸುತ್ತುತ್ತಿದ್ದೆ, ಮತ್ತೆ ಕತ್ತರಿ. ಕೊನೆಗೆ ಅವರಿಗೇ ಬೇಸರವಾಗಿ "ಹೋಗ್ಲಿ, ನಡೆಯುತ್ತೆ" ಎಂದು ಯಾವುದೋ ಒಂದನ್ನು ಇಟ್ಟುಕೊಳ್ಳುತ್ತಿದ್ದರು. ನನ್ನ ಸಂಸಾರವೂ ಆ "ನಡೆಯುತ್ತೆ"ಯಲ್ಲೇ ನಡೆಯಿತು.

ಈಗ ಕೊನೆಯದೆಂದು ಒಂದು ಗಿಟಾರ್ ಕಟ್ಟುತ್ತಿದ್ದಾರೆ. ಯಾರ ಆರ್ಡರೂ ಅಲ್ಲ. ಗಿಟಾರ್ ಕಟ್ಟುವವರೆಲ್ಲ ಸೇರುವ ಮೇಳ ಈ ತಿಂಗಳ ಕೊನೆಗಿದೆ. ದೊಡ್ಡ ವಾದಕನೊಬ್ಬ ವೇದಿಕೆಯ ಮೇಲೆ ಒಂದೊಂದನ್ನೂ ನುಡಿಸುತ್ತಾನಂತೆ. "ಇಂಥದ್ದು ಪ್ರಪಂಚದಲ್ಲಿ ಇನ್ನೊಂದಿರಬಾರದು. ಇದನ್ನ ಎಲ್ಲರ ಕಿವಿಗೆ ಹಾಕಿ ಅಂಗಡಿ ಮುಚ್ತೀನಿ" ಎಂದು ಹಟ ಹಿಡಿದಿದ್ದಾರೆ. ಅವರಪ್ಪನ ಕಾಲದಿಂದ ಅಟ್ಟದಲ್ಲಿ ಮಲಗಿದ್ದ ಹಲಗೆ ಕೆಳಗಿಳಿಯಿತು. ತಂತಿ ಕೂರುವ ಬ್ರಿಡ್ಜನ್ನು ಗಂಟೆ ಎರಕ ಹೊಯ್ಯುವವನು ಗಂಟೆಯ ಕಂಚಿನಲ್ಲೇ ಹೊಯ್ದುಕೊಟ್ಟ. ತಂತಿ ಬಿಗಿಯುವ ಬಿರಡೆಗಳನ್ನು ಗಡಿಯಾರ ರಿಪೇರಿಯವಳು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದೊಂದಾಗಿ ಅರದಲ್ಲಿ ಉಜ್ಜಿ ಮಾಡಿದಳು, ತಿರುಗಿಸಿದರೆ ಬೆಣ್ಣೆ. ದನಿ ಏರಿಸಿ ಇಳಿಸುವ ತಿರುಗುಂಡಿಗಳನ್ನು ಅಂಗಿಗುಂಡಿ ಮಾಡುವ ಮುದುಕ ಕೊಂಬಿನಲ್ಲಿ ಕಡೆದ. ಇನ್ನು ಪಿಕಪ್. ನಾನು ಸುತ್ತುವ ಯಂತ್ರಕ್ಕೆ ಎಣ್ಣೆ ಬಿಟ್ಟು, ತಂತಿಯ ರೀಲಿನ ಧೂಳು ಒರೆಸಿ ಕಾದು ಕೂತೆ. ಇವರು ಪಕ್ಕದ ಊರಿನಲ್ಲಿ ಇದೇ ಕೆಲಸ ಮಾಡುವ ಮೆಳ್ಳಗಣ್ಣನ ಹತ್ತಿರ ಸುತ್ತಿಸಿಕೊಂಡು ಬಂದರು! ಯಾಕೆ ಎಂದು ಕೇಳಿದರೆ, "ಇದು ವಿಶೇಷದ್ದು, ಇದಕ್ಕೆ ನಿಂದು ಬೇಡ." ಕತ್ತು ಎತ್ತಿ ನೋಡಲೂ ಇಲ್ಲ, ಸ್ಯಾಂಡ್‌ಪೇಪರ್ ಉಜ್ಜುತ್ತಲೇ ಹೇಳಿದರು.

ಕಳೆದ ವಾರ ತಂತಿ ಕಟ್ಟಿ ಮೊದಲ ಸಲ ಮೀಟಿದರು. ನಾನು ಅಲ್ಲೇ ಕೂತು ಬಟ್ಟೆ ಮಡಿಸುತ್ತಿದ್ದೆ. ಮೀಟುವಾಗ ಗಿಟಾರಿನ ತಲೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಾರೆ. ಕಿವಿ ಹೋದ ಮೇಲೆ ಕಲಿತ ವಿದ್ಯೆ. ಮರದ ನಡುಕ ಹಲ್ಲಿನಿಂದ ತಲೆಗೆ ಹತ್ತುತ್ತದಂತೆ. ಬಿಟ್ಟು, ಜೊಲ್ಲು ಒರೆಸಿಕೊಂಡು, ನನ್ನ ಮುಖ ನೋಡಿದರು.

"ಹಲ್ಲಿಗೆ ಚೆನ್ನಾಗಿದೆ ಅನ್ಸುತ್ತೆ. ನಿನ್ ಕಿವಿಗೆ ಹೇಗಿದೆ?"

ಊಟಕ್ಕೇನು ಎನ್ನುವುದನ್ನು ಬಿಟ್ಟರೆ ಇವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ನಾನು ಎದ್ದು ಎದುರಿಗೆ ಹೋಗಿ, ತುಟಿ ಚೆನ್ನಾಗಿ ಬಿಡಿಸಿ ಹೇಳಿದೆ: "ಸತ್ತ ದನಿ."

ಅದು ಸುಳ್ಳು. ಆ ದನಿ ಹೇಗಿತ್ತು ಎನ್ನುವುದನ್ನು ಈಗ ಬರೆಯಲಾರೆ. ಇವರ ಮುಖ ಇಳಿದುಹೋಯಿತು, ನನ್ನ ಹೊಟ್ಟೆ ತಣ್ಣಗಾಯಿತು.

ಮೊದಲು ಬ್ರಿಡ್ಜ್ ಬಿಚ್ಚಿ ಮತ್ತೆ ಕೂರಿಸಿದರು. "ಈಗ?" "ಹಾಗೇ ಇದೆ." ತಂತಿಗಳನ್ನೆಲ್ಲ ಬದಲಾಯಿಸಿದರು. "ಈಗ?" "ಮರ ದಪ್ಪ ಆಯ್ತೋ ಏನೋ. ನನಗೇನ್ರೀ ಗೊತ್ತು, ನನಗೆ ಕಿವಿ ಇಲ್ವಲ್ಲ." "ಅದೆಲ್ಲ ಈಗ ಯಾಕೆ ಮಾರಾಯ್ತಿ, ಹೇಳು." ಹೇಳಿದೆ. ಹಿಂಬದಿಯಿಂದ ಕೊರೆಯಲು ಶುರು ಮಾಡಿದ್ದಾರೆ. ಅವರಪ್ಪನ ಹಲಗೆಯ ಪುಡಿ ಮನೆಯೆಲ್ಲ ಹಾರುತ್ತಿದೆ. ಗುಡಿಸುವವಳು ನಾನೇ, ಆದರೂ ಬೇಜಾರಿಲ್ಲ.

ಇದನ್ನು ಭಾವನಿಗೆ ಓದಿ ಹೇಳಬೇಡ. ಮಕ್ಕಳಿಗೆ ನನ್ನ ಆಶೀರ್ವಾದ.

ನಿನ್ನ ತಂಗಿ


ಏಪ್ರಿಲ್ ೨, ಶುಕ್ರವಾರ

ಪ್ರೀತಿಯ ಅಕ್ಕ,

ನಿನ್ನ ಕಾಗದ ಆಗಲೇ ಬಂದಿತ್ತು, ಉತ್ತರ ತಡವಾಯಿತು. ಏನು ಬೈಗುಳ! ಅಮ್ಮನೇ ಎದ್ದು ಬಂದು ಬರೆದ ಹಾಗಿತ್ತು. "ಇವತ್ತೇ ಹೋಗಿ ನಿಜ ಹೇಳು, ಮುದುಕನ ಹೊಟ್ಟೆ ಉರಿಸಿ ಏನು ಕಟ್ಟಿಕೊಳ್ತೀಯ" ಎಂದು ಬರೆದಿದ್ದೀಯ. ಆ ದಿನ ಇನ್ನೂ ಹೇಳಬಹುದಿತ್ತು ಅಕ್ಕ. ಹಲಗೆ ಅರ್ಧಕ್ಕರ್ಧ ಗಟ್ಟಿಯಾಗಿಯೇ ಇತ್ತು. ನಾನು ನಿನ್ನ ಕಾಗದ ಓದಿ, ಮಡಿಸಿ ಹಾಸಿಗೆಯ ಕೆಳಗಿಟ್ಟು, ಹೊರಗೆ ಹೋಗಿ "ಇನ್ನೂ ಸ್ವಲ್ಪ ಕೊರೀರಿ" ಎಂದೆ.

ಕೊರೆದು ಕೊರೆದು ಗಿಟಾರ್ ಖಾಲಿ ಡಬ್ಬದ ಹಾಗಾಯಿತು. ಮೀಟಿದರೆ ದನಿ ಹುಟ್ಟುವ ಮೊದಲೇ ಕುಸಿದುಬೀಳುತ್ತಿತ್ತು. "ಹಲ್ಲಿಗೆ ಬರೀ ಗರಗರ ಅಂತಿದೆ ಕಣೇ" ಎಂದರು. "ಹಲ್ಲಿಗೇನ್ರೀ ಗೊತ್ತು ಸಂಗೀತ?" ಎಂದೆ. ಪಾಪ, ನಕ್ಕರು. ಒಂದು ಬೆಳಗ್ಗೆ ಮೆಳ್ಳಗಣ್ಣನ ಸುರುಳಿಗಳನ್ನು ಕಿತ್ತು, ಬರೀ ಆಯಸ್ಕಾಂತ ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದರು. "ತಪ್ಪೆಲ್ಲ ಅವನದ್ದೇ ಇರಬೇಕು. ನೀನೇ ಸುತ್ಕೊಡು." ನಾನು ಸುತ್ತಿದೆ, ನನ್ನ ಅಭ್ಯಾಸದಂತೆ ಬಿಗಿಯಾಗಿ. ಪಕ್ಕದಲ್ಲೇ ಕೂತು ನೋಡಿದರೂ ಉಸಿರು ಬಿಡು, ಜಾಗ ಬಿಡು ಎಂದು ಒಂದು ಮಾತೂ ಆಡಲಿಲ್ಲ. ಕೂರಿಸಿ ಮೀಟಿ, ಭಯದಿಂದ ಕೇಳಿದರು: "ಈಗ?"

"ಬಂಗಾರ" ಎಂದೆ.

ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡುಬಿಟ್ಟರು. ಆಮೇಲೆ ಹೇಳಿದರು: "ನಿನಗೆ ಕಿವಿ ಇದೆ ಕಣೇ. ನಾನೇ ಗೂಬೆ, ಗೊತ್ತಾಗ್ಲಿಲ್ಲ." ಈ ಒಂದು ಮಾತಿಗೆ ನಾನು ಇಷ್ಟು ವರ್ಷ ಬಾಯಿ ಬಿಟ್ಟುಕೊಂಡು ಕಾದಿದ್ದೆ. ಬಂದಾಗ ನಿಲ್ಲಲಾಗದೆ ಪಾತ್ರೆ ತೊಳೆಯಲು ಎದ್ದುಹೋದೆ.

ಮೇಳಕ್ಕೆ ಇವರು ಗಡ್ಡ ನುಣ್ಣಗೆ ಬೋಳಿಸಿ, ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಂದಿದ್ದರು. ವೇದಿಕೆಯ ಪಕ್ಕದಲ್ಲೇ ನಿಂತರು, ನಾನು ಕೆಳಗೆ ಕುರ್ಚಿಯಲ್ಲಿ ಕೂತೆ. ವಾದಕ ನಮ್ಮ ಗಿಟಾರ್ ಎತ್ತಿಕೊಂಡ. ಎಂಥಾ ಚೆಂದ ಎಂದು ಮೈಕಿನಲ್ಲೇ ಹೊಗಳಿದ, ಬಿರಡೆ ತಿರುಗಿಸಿ ನೋಡಿ ಖುಷಿಪಟ್ಟ. ಆಮೇಲೆ ಮೀಟಿದ. ಬಾವಿಯೊಳಗೆ ಯಾರೋ ಕೆಮ್ಮಿದ ಹಾಗಾಯಿತು. ವೈರ್ ಸಡಿಲವಾಗಿದೆಯೇನೋ ಎಂದು ಎಳೆದು ನೋಡಿದ, ಗುಂಡಿ ತಿರುಗಿಸಿದ, ಮತ್ತೆ ಮೀಟಿದ. ಮತ್ತೂ ಅದೇ ಕೆಮ್ಮು. ಇವರ ಕಡೆ ತಿರುಗಿ ಮರ್ಯಾದೆಗೆ ಒಂದು ನಗೆ ನಕ್ಕು, ಗಿಟಾರ್ ಕೆಳಗಿಟ್ಟು ಮುಂದಿನದನ್ನು ಎತ್ತಿಕೊಂಡ. ಜನರೂ ಮರ್ಯಾದೆಗೆ ಚಪ್ಪಾಳೆ ತಟ್ಟಿದರು. ಇವರಿಗೆ ಕಾಣಿಸಿದ್ದು ಚಪ್ಪಾಳೆ ಮಾತ್ರ. ಮದುಮಗನ ಹಾಗೆ ಹಿಗ್ಗಿ ಎಲ್ಲರಿಗೂ ಕೈ ಬೀಸಿದರು. ನಾನು ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ, ಸುಳ್ಳೇಕೆ, ನೋಡಿ ಸುಖಪಟ್ಟೆ.

ಒಂದನ್ನು ಮರೆತಿದ್ದೆ. ಇವರು ತುಟಿ ಓದುತ್ತಾರೆ. ನನ್ನ ಮುಂದಿನ ಸಾಲಿನಲ್ಲೇ ಮೆಳ್ಳಗಣ್ಣ ಕೂತಿದ್ದ. ಪಕ್ಕದವನ ಕಡೆ ಬಾಗಿ ಎರಡೇ ಮಾತು ಹೇಳಿದ. ಇವರೇ ನನ್ನ ಸುರುಳಿಗಳಿಗೆ ಹೇಳುತ್ತಿದ್ದ ಎರಡು ಮಾತು, ನನ್ನ ತುಟಿಯ ಮೇಲೂ ನೋಡಿದ್ದರು. ಬೀಸುತ್ತಿದ್ದ ಕೈ ಅಲ್ಲೇ ನಿಂತಿತು.

ಮನೆಗೆ ಬಂದು ಕೆಲಸದ ಕೋಣೆಯ ಬೆಂಚಿನ ಮೇಲೆ ಕೂತರು. ನಾನು ಬಾಗಿಲಲ್ಲಿ ನಿಂತೆ. ಈಗ ಕೂಗಾಡುತ್ತಾರೆ, ಯಾಕೆ ಹೀಗೆ ಮಾಡಿದೆ ಎಂದು ಕೇಳುತ್ತಾರೆ, ಆಗ ಇಷ್ಟು ವರ್ಷದ್ದೆಲ್ಲ ಮುಖದ ಮೇಲೆ ಹೊಡೆದ ಹಾಗೆ ಹೇಳಿಬಿಡೋಣ ಎಂದು ಕಾದೆ. ಹೌದು, ಬೇಕೆಂದೇ ಮಾಡಿದೆ! ಮಾತು ನಾಲಿಗೆಯ ತುದಿಯಲ್ಲಿತ್ತು ಅಕ್ಕ. ಇವರು ಕೈಸನ್ನೆ ಮಾಡಿ ಪಕ್ಕದಲ್ಲಿ ಕೂರಿಸಿಕೊಂಡರು. ಹುಷಾರಿಲ್ಲದವರ ಹತ್ತಿರ ಮಾತಾಡುವ ಹಾಗೆ ಮೆಲ್ಲಗೆ ಹೇಳಿದರು:

"ನಿನ್ ತಪ್ಪಲ್ಲ ಬಿಡು. ನಿನಗೆ ಕಿವಿ ಇಲ್ಲ ಅಂತ ಗೊತ್ತಿದ್ದೂ ನಿನ್ನ ಕೇಳಿದೆನಲ್ಲ, ನನ್ ತಪ್ಪು."

ಬೆನ್ನು ತಟ್ಟಿದರು. ಆಮೇಲೆ ಊಟಕ್ಕೇನು ಎಂದು ಕೇಳಿದರು.

ಅಂಗಡಿ ಮುಚ್ಚಿದ್ದಾರೆ. ಯಾರಾದರೂ ಬಂದರೆ ವಯಸ್ಸಾಯಿತು ಎಂದು ಕಳಿಸುತ್ತಾರೆ. ನನ್ನ ಮೇಲೆ ಒಂದು ದಿನವೂ ರೇಗಿಲ್ಲ, ಬಿಸಿನೀರು ಕೂಡ ಅವರೇ ಕಾಯಿಸಿಕೊಡುತ್ತಾರೆ. ಬೈಯುತ್ತಿದ್ದಾಗಲೇ ಚೆನ್ನಾಗಿತ್ತು.

ನಿನ್ನ ಮಂಡಿಗೆ ಬಿಸಿ ಶಾಖ ಕೊಡುವುದನ್ನು ಬಿಡಬೇಡ. ಭಾವನಿಗೆ ನಮಸ್ಕಾರ, ಮಕ್ಕಳು ನೂರು ಕಾಲ ತಣ್ಣಗಿರಲಿ. ಎಷ್ಟು ಬೇಕಾದರೂ ಬೈದು ಬರೆ, ಬರೆಯದೆ ಮಾತ್ರ ಇರಬೇಡ.

ನಿನ್ನ ತಂಗಿ

ಕಾಗದ ಮುಚ್ಚುವ ಮುಂಚೆ ಇನ್ನೊಂದು: ಮೊದಲ ದಿನದ ದನಿ ಹೇಗಿತ್ತು ಎಂದು ಕೇಳಿದ್ದೀಯ. ನನ್ನ ಸುರುಳಿ ಬೇಡ ಅಂದದ್ದಕ್ಕೆ ಸಿಟ್ಟಿತ್ತು, ನಿಜ. ಅಷ್ಟೇ ಆಗಿದ್ದರೆ ಒಂದು ದಿನ ಗೋಳು ಹೊಯ್ದುಕೊಂಡು ನಿಜ ಹೇಳಿಬಿಡುತ್ತಿದ್ದೆ. ಮೆಳ್ಳಗಣ್ಣ ಸುತ್ತಿದ್ದನ್ನು ನೋಡಿ ನಾನು ಮೂಗು ಮುರಿದಿದ್ದೆ, ಸಡಿಲ, ಅಡ್ಡಾದಿಡ್ಡಿ. ಇವರು ಮೀಟಿದಾಗ ಬಟ್ಟೆ ಮಡಿಸುತ್ತಿದ್ದ ನನ್ನ ಕೈ ನಿಂತುಹೋಯಿತು. ಆ ದನಿ ಉಸಿರಾಡುತ್ತಿತ್ತು ಅಕ್ಕ. ನಾನು ಸುತ್ತಿದ್ದು ಯಾವುದೂ, ಯಾವತ್ತೂ ಹಾಗೆ ನುಡಿದಿಲ್ಲ. ಇವರು ಕತ್ತರಿ ಹಾಕಿದ್ದೆಲ್ಲ ಸರಿಯಾಗಿಯೇ ಹಾಕಿದ್ದರು. ಅದನ್ನು ತಿಳಿದುಕೊಳ್ಳುವಷ್ಟು ಕಿವಿ ನನಗಿದೆ. ಇವರ ಹತ್ತಿರ ಮಾತ್ರ ಹೇಳುವ ಹಾಗಿಲ್ಲ.