ಬಿಳಿ ಕೈಗವಸು

ಬ್ರೆಡಾ, ಶನಿವಾರ

ಅಪ್ಪಾ,

ಎಲ್ಲರೂ ಕ್ಷೇಮವಾಗಿ ತಲುಪಿದೆವು. ಇಲ್ಲಿನ ಕೊಳದ ತಳ ಒರಟು ಹಂಚಿನದು. ತಳದಲ್ಲೇ ಗಿಡ್ಡ ಕೋಲಿನಿಂದ ಬಿಲ್ಲೆ ತಳ್ಳುವ ನಮ್ಮ ನೀರಿನಡಿಯ ಹಾಕಿ ಆಟಕ್ಕೆ ಬರಿಗೈಯಲ್ಲಿ ಇಳಿದರೆ ಬೆರಳಗಂಟಿನ ಚರ್ಮ ಉಳಿಯುವುದಿಲ್ಲ. ಹೊರಡುವ ಮುನ್ನ ನಾನು ತೋಟದ ಕೈಗವಸಿಗೆ ಸಿಲಿಕೋನ್ ಬಳಿದು, ಕೋಲು ಹಿಡಿದ ಮುಷ್ಟಿಯಲ್ಲೇ ಒಣಗಿಸಿದ್ದು ನಿನಗೆ ಗೊತ್ತು. ಆಕಾರ ಸರಿಯಾಗಿಯೇ ಬಂದಿತ್ತು, ಆದರೆ ಬಣ್ಣ ಬಿಳಿ. ಇವತ್ತಿನ ಸೆಮಿಫೈನಲ್‌ನಲ್ಲಿ ನಮ್ಮ ಕೋಲುಗಳೂ ಬಿಳಿ.

ಸಲಕರಣೆ ತಪಾಸಣೆಯಲ್ಲಿ ರೆಫರಿ ನನ್ನ ಕೈ ಎತ್ತಿ ಹಿಡಿದರು. "ಏನಮ್ಮಾ, ಗೋಡೆಗೆ ಸುಣ್ಣ ಹೊಡೆದು ಸೀದಾ ಬಂದ್ಯಾ? ನೀರೊಳಗೆ ಕೋಲ್ಯಾವುದು, ಕೈಯಾವುದು ಅಂತ ನಾನು ಹೆಂಗೆ ಹೇಳ್ಲಿ? ಬೇರೆ ಹಾಕ್ಕೋ, ಇಲ್ಲಾಂದ್ರೆ ದಡದಲ್ಲಿ ಕೂತ್ಕೋ."

ನಮ್ಮ ತಂಡದಲ್ಲಿ ಎಡಗೈಯವಳು ನಾನೊಬ್ಬಳೇ. ಉಳಿದವರ ಕೈಗವಸು ನನಗೆ ಆಗುವುದಿಲ್ಲ. ಹೊಸದಾಗಿ ಬಳಿದರೆ ಒಣಗಲು ಇಡೀ ದಿನ ಬೇಕು. ದಡವೇ ಗತಿ ಎಂದುಕೊಂಡೆ.

ಆಗ ಎದುರಾಳಿ ಡಚ್ ತಂಡದ ಎಡಗೈ ಆಟಗಾರ್ತಿ ಯೋರಿಂಡೆ ತನ್ನ ಚೀಲದಿಂದ ನೀಲಿಯದೊಂದನ್ನು ತೆಗೆದು ಎಸೆದಳು. "ತಗೋ ಮಾರಾಯ್ತಿ. ನೀನು ಕೂತ್ಕೊಂಡ್ರೆ ಗೆದ್ದಿದ್ದಕ್ಕೆ ಏನು ಬೆಲೆ? ಹರಿದು ಗಿರಿದು ಹಾಕ್ಬೇಡ, ಅಷ್ಟೇ."

ಅವಳ ಮುಷ್ಟಿ ನನ್ನದಕ್ಕಿಂತ ದೊಡ್ಡದು. ಹೆಬ್ಬೆರಳು ಒಳಗೆ ಜಾರುತ್ತಿತ್ತು, ಆದರೂ ಆಡಿದೆ. ಮೊಣಕೈ ತರಚಿದೆ, ಗಾಬರಿ ಬೇಡ. ಮೂರು-ಎರಡರಲ್ಲಿ ಗೆದ್ದೆವು, ಕೊನೆಯ ಗೋಲು ನನ್ನದು. ಯೋರಿಂಡೆ ನೀರಿನಿಂದ ತಲೆ ಎತ್ತಿ, ಉಸಿರು ಎಳೆದುಕೊಂಡು, ಕೈ ಚಾಚಿದಳು. ಕುಲುಕಲು ಎಂದುಕೊಂಡು ನಾನೂ ಚಾಚಿದೆ.

"ಅಭಿನಂದನೆ ಆಮೇಲೆ," ಅಂದಳು, "ಮೊದಲು ನನ್ನ ಕೈಗವಸು ಬಿಚ್ಚು."

ಅವಸರದಲ್ಲಿ,
ಟ್ಯಾಮ್ಸಿನ್