ಬಂದವರ ಪಾಲಿನ ರೊಟ್ಟಿ

ಇಸವಿ ಎರಡು ಸಾವಿರದ ನೂರಾ ಎಂಬತ್ತೆರಡು, ಶ್ರಾವಣದ ಮೂರನೇ ಸೋಮವಾರ.

ತೊಮಾಸಾ ಅಕ್ಕನಿಗೆ ಬಸಲಿಂಗವ್ವ ಮಾಡುವ ಶರಣು.

ಇವತ್ತು ನನ್ನದು ಒಪ್ಪತ್ತು. ಅಂಗಳ ಸಾರಿಸಿ, ಎಮ್ಮೆ ಹಿಂಡಿ, ಲಿಂಗಪೂಜೆ ಮುಗಿಸಿ ಬರೆಯಲು ಕೂತಿದ್ದೇನೆ. ನೀನು ಇದ್ದದ್ದು ಇನ್ನೂರು ವರ್ಷದ ಹಿಂದೆ, ಸಾಲ್ವಡಾರ್ ಎಂಬ ದೇಶದಲ್ಲಿ. ನನ್ನ ಮಾತು ವಿಚಿತ್ರ ಕಂಡರೆ ಹೊಟ್ಟೆಗೆ ಹಾಕಿಕೋ. ನಾನು ಕಲಿತದ್ದು ಊರ ಸಾಲೆಯಲ್ಲಿ, ಏಳನೇ ಇಯತ್ತೆವರೆಗೆ.

ನಿನ್ನ ಸುದ್ದಿಯನ್ನು ನಿನ್ನೆಯಷ್ಟೇ ನಮ್ಮ ಮಠದ ಹಳೇ ಪುಸ್ತಕದಲ್ಲಿ ಓದಿದೆ. ನಿಮ್ಮ ದೇಶದವರು ತಮ್ಮತಮ್ಮಲ್ಲೇ ಕಾದಾಡುವಾಗ ಅಮೆರಿಕದಿಂದ ಸಲಹೆಗಾರರು ಬಂದರಂತೆ. ಎಲ್ಲಿ ಹುಡುಕಬೇಕು, ಯಾರನ್ನು ಹಿಡಿಯಬೇಕು ಎಂದು ನಿಮ್ಮ ಸಿಪಾಯಿಗಳಿಗೆ ಕಲಿಸಿದರಂತೆ. ಸಿಪಾಯಿಗಳು ನಿನ್ನ ಬುಟ್ಟಿಯ ಮೆಕ್ಕೆಜೋಳದ ರೊಟ್ಟಿ ಎಣಿಸಿ, ಮನೆಮಂದಿಗಿಂತ ಹೆಚ್ಚಿನವು ಗುಡ್ಡದ ಬಂಡಾಯಗಾರರಿಗೋ ಎಂದು ಕೇಳಿದರಂತೆ. ನೀನು ಏನಂದೆ ಎಂಬ ಹಾಳೆ ಹರಿದುಹೋಗಿದೆ.

ಈಗ ನಮ್ಮಲ್ಲೂ ಅದೇ ಕಾಳಗ, ಸಿಪಾಯಿಗಳಿಗೂ ಗುಡ್ಡ ಸೇರಿದ ಬಂಡಾಯಗಾರರಿಗೂ. ಸಲಹೆಗಾರರನ್ನು ನಾವು ‘ಹೇಳುವವರು’ ಅನ್ನುತ್ತೇವೆ; ಹೇಳುತ್ತಾರೆ, ಕೈ ಹಚ್ಚುವುದಿಲ್ಲ. ಹೋದ ವಾರ ಕಡಲಾಚೆಯಿಂದ ಬಂದ ಅಂಥವನೊಬ್ಬ ಹೆಂಗಸರನ್ನೆಲ್ಲ ಕೂಡಿಸಿ, ದಿನಕ್ಕೆ ಎಷ್ಟು ರೊಟ್ಟಿ ಹೆಚ್ಚಿಗೆ ಬಡಿಯುತ್ತೀರಿ ಎಂದು ದುಭಾಷಿಯಿಂದ ನಯವಾಗಿ ಕೇಳಿಸಿದ. ಮನೆಯವರು ಉಣ್ಣುವ ಮುಂಚೆ ಬಂದವರ ಪಾಲು ತೆಗೆದಿಡುವುದು ನಮ್ಮಲ್ಲಿ ಶಿವನ ಕೆಲಸ. ಆತ ಭಕ್ತಿಯನ್ನೇ ವಿಚಾರಿಸುತ್ತಿದ್ದಾನೆ ಅಂದುಕೊಂಡೆವು. ನಾನು ಐದು ಅಂದೆ, ಇನ್ನೊಬ್ಬಳು ಎಂಟು ಅಂದಳು. ಒಬ್ಬಂಟಿ ದ್ಯಾಮವ್ವನ ಮನೆಯಲ್ಲಿ ಎರಡು ರೊಟ್ಟಿಗೂ ಹಿಟ್ಟಿರುವುದಿಲ್ಲ. ನಾನೇ ಕೆಣಕಿದೆ: “ನೀ ಯಾಕ ಸುಮ್ಮನ ಕುಂತೀ? ನಿನ್ನ ಶಿವ ಉಪಾಸ ಅದಾನೇನು?”

“ಇಪ್ಪತ್ತು ಬಡಿತೀನಿ, ಬರಕೋ ತಮ್ಮಾ,” ಅಂದಳು ದ್ಯಾಮವ್ವ. ನಾವೆಲ್ಲ ನಕ್ಕೆವು.

ಮರುದಿನ ಸಿಪಾಯಿಗಳು ಅವಳನ್ನು ಎಳೆದೊಯ್ದು ಸಾಲೆಯ ಕೋಣೆಯಲ್ಲಿ ಕೂಡಿಹಾಕಿದರು. ಹತ್ತರ ಮೇಲೆ ಹೇಳಿದವಳು ಅವಳೊಬ್ಬಳೇ ಅಂತೆ.

ಇಂದು ಮಧ್ಯಾಹ್ನ ಸಾಲೆಯಲ್ಲಿ ಆ ಹೇಳುವವನ ಮುಂದೆ ನನ್ನ ಸಾಕ್ಷಿ. ಗುಡ್ಡದವರಿಗೆ ಅನ್ನ ಹಾಕುವವಳು ಅವಳೊಬ್ಬಳೇ ಅನ್ನು, ಊರು ಉಳಿಯುತ್ತದೆ ಎಂದು ದುಭಾಷಿ ಹೇಳಿಕೊಟ್ಟಿದ್ದಾನೆ. ಹಾಗಂದರೆ ಅವಳನ್ನು ಹೊಳೆಯಾಚೆ ಒಯ್ಯುತ್ತಾರೆ. ಅಲ್ಲಿಗೆ ಹೋದವರು ಯಾರೂ ತಿರುಗಿ ಬಂದಿಲ್ಲ.

ಆ ಮಾತು ಆಡಿದ ಬಾಯಿಂದ ಸಂಜೆ ನಾನು ಪ್ರಸಾದ ಮುಟ್ಟಲಾರೆ. ಊರಿನ ಉಳಿದ ಹೆಂಗಸರ ಮಾತು ಎತ್ತುವುದಿಲ್ಲ. ಆ ಇಪ್ಪತ್ತು ನನ್ನ ಕೆಣಕಿಗೆ ಹುಟ್ಟಿದ ಜಂಬ, ಐದು ಮಾತ್ರ ನಿಜ, ಅದು ನನ್ನ ಮನೆಯದು ಅನ್ನುತ್ತೇನೆ. ಬಂದವರನ್ನು ಯಾವ ಕಡೆಯವರೆಂದು ಕೇಳಿಲ್ಲ. ಅವರ ಸಿಪಾಯಿಗಳೂ ಉಂಡು ಹೋಗಿದ್ದಾರೆ ಅನ್ನುತ್ತೇನೆ. ಅಕ್ಕ, ನೀನು ಏನಂದೆ, ಆಮೇಲೆ ಏನಾಯಿತು, ಎರಡು ಸಾಲು ಬರೆ.

ಇದನ್ನು ಓದಿದವರು ಯಾರೇ ಇರಲಿ, ಅವಳ ಉತ್ತರ ಬಂದಿದ್ದರೆ ತಂದುಕೊಡಿ. ಮನೆಗೆ ಬೀಗವಿದ್ದರೆ ಸಾಲೆಗೆ ಬಂದು ಕೇಳಿ. ಅಲ್ಲೂ ನಾನಿಲ್ಲದಿದ್ದರೆ ದ್ಯಾಮವ್ವನಿಗೆ ಕೊಡಿ. ಅವಳಿಗೆ ಓದಲು ಬಾರದು, ಕೂತು ಓದಿ ಹೇಳಿ.